ಲಾಳಿಯ ದಾರಿ: ಹೈದರಾಬಾದಿನ ವಿಮಾನ ನಿಲ್ದಾಣದ ಬಸ್ಸುಗಳ ಹಿಂದುಮುಂದು

ಮಗ್ಗದ ಹಾಸುನೂಲಿನ ನಡುವೆ ಹೊಕ್ಕುನೂಲನ್ನು ಹೊತ್ತು ಅತ್ತಿಂದಿತ್ತ ಓಡುವ ಸಾಧನಕ್ಕೆ ಕನ್ನಡದಲ್ಲಿ ಲಾಳಿ ಎಂದು ಹೆಸರು. ಇದಕ್ಕೇ ಇಂಗ್ಲಿಷಿನಲ್ಲಿ ಶಟಲ್ ಎನ್ನುತ್ತಾರೆ. ಎರಡೇ ನಿಲ್ದಾಣಗಳ ನಡುವೆ ದಿನವಿಡೀ ಹೋಗಿಬರುವ ಗಾಡಿಗೆ ರೈಲ್ವೆಯವರು ಆ ಹೆಸರನ್ನು ಎರವಲು ತಂದರು, ಅವರಿಂದ ಅದು ಬಸ್ಸಿನವರಿಗೆ ಬಂತು, ಬಸ್ಸಿನವರಿಂದ ವಿಮಾನ ನಿಲ್ದಾಣದ ವಾಹನಗಳಿಗೆ ದಾಟಿತು. ಇಳಕಲ್ಲಿನ ಅಥವಾ ಗುಳೇದಗುಡ್ಡದ ನೇಕಾರನ ಕೈಯ ಲಾಳಿಯು ಅವನ ಕೈಕಾಲಿನ ಲಯಕ್ಕೆ ತಪ್ಪದೆ ಮರಳುತ್ತದೆ, ಮರಳದಿದ್ದರೆ ಬಟ್ಟೆಯೇ ಇಲ್ಲ. ಬಸ್ಸು ಮಾತ್ರ ಮರಳದಿದ್ದರೂ ವಿಮಾನವು ತನ್ನ ಹೊತ್ತಿಗೆ ಹಾರಿಹೋಗುತ್ತದೆ, ಉಳಿಯುವುದು ಕೈಯಲ್ಲಿ ಚೀಲ ಹಿಡಿದ ಪ್ರಯಾಣಿಕ. ವಿಮಾನ ಪ್ರಯಾಣದ ಕುರಿತ ದೂರುಗಳಲ್ಲಿ ಹಲವು ಆಕಾಶದಲ್ಲಲ್ಲ, ನೆಲದ ಮೇಲಿನ ಈ ಕಿರಿದಾದ ದಾರಿಯಲ್ಲಿಯೇ ಹುಟ್ಟುತ್ತವೆ. ಈ ದಾರಿಗೆ ಹೈದರಾಬಾದಿನಲ್ಲಿ ಒಂದು ವಿಶೇಷ ಚರಿತ್ರೆಯಿದೆ. ಏಕೆಂದರೆ ರೈಲು, ಬಸ್ಸು, ವಿಮಾನ ಮೂರೂ ಒಂದೇ ಸರ್ಕಾರದ ಅಂಕೆಯಲ್ಲಿದ್ದು, ಆಮೇಲೆ ಒಂದೊಂದಾಗಿ ಬೇರೆಬೇರೆ ಕೈಗಳಿಗೆ ಹಂಚಿಹೋದ ನಗರವದು.

ಊರೊಂದು ಕಡೆ, ಗಾಡಿ ಹತ್ತುವ ಜಾಗ ಇನ್ನೊಂದು ಕಡೆ ಎಂಬ ತೊಡಕು ವಿಮಾನದ ಜೊತೆಗೆ ಬಂದದ್ದಲ್ಲ. ಈಗಿನ ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿಗೆ ನಿಜಾಮನ ರೈಲುಮಾರ್ಗ 1874ರಲ್ಲಿ ತೆರೆದಾಗ, ಅದರ ಕೊನೆಯ ನಿಲ್ದಾಣವು ಇಂಗ್ಲಿಷರ ದಂಡು ಇದ್ದ ಸಿಕಂದರಾಬಾದಿನಲ್ಲಿತ್ತು, ಚಾರ್‌ಮಿನಾರಿನ ಸುತ್ತಲ ಹಳೆಯ ನಗರದಲ್ಲಿ ಇರಲಿಲ್ಲ. ಹುಸೇನ್ ಸಾಗರದ ಆಚೆಗಿನ ಆ ದೂರವನ್ನು ಜಟಕಾ, ಟಾಂಗಾ ಮತ್ತು ಕಾಲುನಡಿಗೆ ತುಂಬಬೇಕಿತ್ತು. ನಾಂಪಲ್ಲಿಯ ನಿಲ್ದಾಣ 1907ರಲ್ಲಿಯೂ ಕಾಚಿಗುಡದ ನಿಲ್ದಾಣ 1916ರಲ್ಲಿಯೂ ಬಂದ ಮೇಲೆಯೇ ರೈಲು ನಗರಕ್ಕೆ ಹತ್ತಿರವಾದದ್ದು. ಅಂದರೆ ಮೊದಲು ಊರ ಹೊರಗೆ ನಿಲ್ದಾಣ, ಮೂವತ್ತು ನಲವತ್ತು ವರ್ಷಗಳ ಬಳಿಕ ಊರಿಗೆ ದಾರಿ ಎಂಬ ಕ್ರಮವು ಈ ನಗರಕ್ಕೆ ಹೊಸದೇನಲ್ಲ.

ಬಸ್ಸಿನ ಕಥೆ 1932ರ ಜೂನ್ ತಿಂಗಳಿಂದ ಆರಂಭವಾಗುತ್ತದೆ. ಖಾಸಗಿ ಮೋಟಾರುಗಳು ಭಾರತದಾದ್ಯಂತ ರೈಲಿನ ಪ್ರಯಾಣಿಕರನ್ನು ಸೆಳೆಯತೊಡಗಿದ್ದ ಕಾಲವದು. ರೈಲು ಮತ್ತು ರಸ್ತೆಯ ಪೈಪೋಟಿಯನ್ನು ಪರಿಶೀಲಿಸಿದ ಮಿಚೆಲ್-ಕರ್ಕ್‌ನೆಸ್ ವರದಿ ಬ್ರಿಟಿಷ್ ಇಂಡಿಯಾದಲ್ಲಿ ಹೊರಬಂದದ್ದು 1933ರಲ್ಲಿ. ಹೈದರಾಬಾದ್ ಸಂಸ್ಥಾನವು ವರದಿಗೆ ಕಾಯದೆ, 1930ರಲ್ಲಿ ತಾನು ವಹಿಸಿಕೊಂಡಿದ್ದ ರೈಲ್ವೆಯ ಒಂದು ಅಂಗವಾಗಿಯೇ ರಸ್ತೆ ಸಾರಿಗೆ ಇಲಾಖೆಯನ್ನು ಕಟ್ಟಿತು. 27 ಬಸ್ಸುಗಳು, 166 ನೌಕರರು, ಇವಿಷ್ಟು ಅದರ ಮೂಲಧನ. ಆ ಕಾಲದ ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯ ಬಸ್ಸೊಂದನ್ನು ಸಾರಿಗೆ ಸಂಸ್ಥೆಯು ಹೈದರಾಬಾದಿನ ಬಸ್ ಭವನದಲ್ಲಿ ಇಂದಿಗೂ ಜತನವಾಗಿ ಇರಿಸಿಕೊಂಡಿದೆ. ಅಲ್ಲಿನ ಸರ್ಕಾರಿ ಬಸ್ಸುಗಳ ನೋಂದಣಿ ಸಂಖ್ಯೆಯಲ್ಲಿ ಬಹುಕಾಲದಿಂದ ಕಾಣುವ ‘ಝಡ್’ ಅಕ್ಷರವು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ತಾಯಿ ಝಹ್ರಾ ಬೇಗಂ ಅವರ ನೆನಪಿನದು ಎಂಬ ಮಾತು ಜನರ ಬಾಯಲ್ಲಿದೆ; ಬಸ್ಸಿನ ಮೇಲೆ ತಾಯಿಯ ಹೆಸರು ಬರೆಸುವ ರೂಢಿಯುಳ್ಳ ನಾಡಿನಲ್ಲಿ ಇದು ನಂಬಲು ಕಷ್ಟವಾದ ಕಥೆಯೂ ಅಲ್ಲ.

ಈ ಬಸ್ಸುಗಳಿಗೆ ಸಿಕ್ಕ ಮನೆಯೇ ಒಂದು ಸೋಜಿಗ. ಮೂಸಿ ನದಿಯ ದಡದ ಗೌಳಿಗುಡದಲ್ಲಿ, ಕಮಾನಿನಾಕಾರದ ಬೃಹತ್ ತಗಡಿನ ಮಾಡಿನ ಕೆಳಗೆ ಬಸ್ ನಿಲ್ದಾಣ ಏರ್ಪಟ್ಟಿತು. ಆ ಕಟ್ಟಡವು ಮೂಲತಃ ವಿಮಾನಗಳನ್ನು ಇರಿಸಲೆಂದು ಅಮೆರಿಕದಿಂದ ತರಿಸಿದ ಹ್ಯಾಂಗರ್, ಎಂದರೆ ವಿಮಾನದ ಕೊಟ್ಟಿಗೆ, ಆದ್ದರಿಂದಲೇ ಅದಕ್ಕೆ ‘ಮಿಸಿಸಿಪಿ ಹ್ಯಾಂಗರ್’ ಎಂಬ ಹೆಸರು ನಿಂತಿತು. ಕಂಬಗಳ ಅಡ್ಡಿಯಿಲ್ಲದ ಅದರ ವಿಶಾಲವಾದ ಒಳಾಂಗಣವು ರೆಕ್ಕೆ ಚಾಚಿದ ವಿಮಾನಕ್ಕೆ ಹೇಗೋ ಹಾಗೆಯೇ ಹಿಂದಕ್ಕೆ ತೆಗೆದು ತಿರುಗುವ ಬಸ್ಸುಗಳಿಗೂ ಒಗ್ಗಿತು. ಪಕ್ಕದ ಇಮ್ಲಿಬನ್ನಿನಲ್ಲಿ ಮಹಾತ್ಮಾ ಗಾಂಧಿ ಬಸ್ ನಿಲ್ದಾಣವು 1994ರಲ್ಲಿ ಸಿದ್ಧವಾಗುವವರೆಗೆ ದೂರದೂರಿನ ಬಸ್ಸುಗಳು ಇಲ್ಲಿಂದಲೇ ಹೊರಡುತ್ತಿದ್ದವು. ಬಳಿಕ ಸಿಟಿ ಬಸ್ಸುಗಳ ತಂಗುದಾಣವಾಗಿ ಉಳಿದ ಆ ಮಾಡು 2018ರ ಜುಲೈ 5ರಂದು ಕುಸಿದು ಬಿತ್ತು. ಬಸ್ಸಿಗಾಗಿ ಕಾಯುವವರು ವಿಮಾನದ ಮನೆಯಲ್ಲಿ ಕುಳಿತಿದ್ದ ಊರು ಅಪರೂಪ.

ಈ ಇಲಾಖೆಯ ಚರಿತ್ರೆ ಕನ್ನಡಿಗರದ್ದೂ ಹೌದು. ಸಂಸ್ಥಾನದ ಬೀದರ್, ಗುಲ್ಬರ್ಗಾ, ರಾಯಚೂರು ಈ ಮೂರು ಜಿಲ್ಲೆಗಳ ಜನಕ್ಕೆ ಹೈದರಾಬಾದೇ ರಾಜಧಾನಿ. ಕೋರ್ಟು ಕಚೇರಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಓದು, ದೊಡ್ಡಾಸ್ಪತ್ರೆ ಎಲ್ಲಕ್ಕೂ ಅವರು ವಾಡಿಯಲ್ಲಿ ರೈಲು ಹಿಡಿದೋ ಬಸ್ಸು ಹತ್ತಿಯೋ ಅಲ್ಲಿಗೇ ಹೋಗಬೇಕಿತ್ತು. ಕಾಚಿಗುಡದ ಸುತ್ತಮುತ್ತ ಕನ್ನಡ ಶಾಲೆ, ಸಾಹಿತ್ಯ ಮಂದಿರಗಳು ಬೆಳೆದದ್ದರ ಹಿಂದೆ ಈ ಓಡಾಟವಿದೆ. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಅಲ್ಲಿನ ಬಸ್ಸು ಮತ್ತು ಡಿಪೋಗಳೂ ಮೈಸೂರಿನ ಸಾರಿಗೆ ಇಲಾಖೆಗೆ ಬಂದವು. 1961ರಲ್ಲಿ ಆ ಇಲಾಖೆ ನಿಗಮವಾಯಿತು, 2000ದಲ್ಲಿ ಈಶಾನ್ಯ ಭಾಗಕ್ಕೆ ಪ್ರತ್ಯೇಕ ನಿಗಮ ಏರ್ಪಟ್ಟು ಕಲಬುರಗಿ ಅದರ ಕೇಂದ್ರವಾಯಿತು, ಅದೇ ಈಗ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ಬೀದರಿನ ಡಿಪೋದಿಂದ ಹೈದರಾಬಾದಿಗೆ ಹೊರಡುವ ಇಂದಿನ ಬಸ್ಸಿಗೂ ಗೌಳಿಗುಡದ ಬಸ್ಸಿಗೂ ಮೂಲ ಒಂದೇ.

ವಿಮಾನವು ಬಸ್ಸು ಬಂದ ದಶಕದಲ್ಲಿಯೇ ಬೇಗಂಪೇಟೆಗೆ ಬಂತು. 1930ರ ದಶಕದಲ್ಲಿ ಹೈದರಾಬಾದ್ ಏರೋ ಕ್ಲಬ್ಬಿನ ಆಶ್ರಯದಲ್ಲಿ ಶುರುವಾದ ಆ ಬಯಲಿನಲ್ಲಿ 1937ರ ಹೊತ್ತಿಗೆ ಟರ್ಮಿನಲ್ ಕಟ್ಟಡ ಎದ್ದಿತು, 1945ರಲ್ಲಿ ಡೆಕ್ಕನ್ ಏರ್‌ವೇಸ್ ಎಂಬ ಕಂಪನಿ ಅಲ್ಲಿಯೇ ನೆಲೆಗೊಂಡಿತು. ಅದರ ಬಂಡವಾಳದ ಹೆಚ್ಚಿನ ಪಾಲು ನಿಜಾಮನದು, ಉಳಿದುದರಲ್ಲಿ ಟಾಟಾ ಅವರ ಪಾಲಿತ್ತು. ವಾಡಿಯಿಂದ ಬರುವ ರೈಲುಮಾರ್ಗವು ಬೇಗಂಪೇಟೆಯಲ್ಲೇ ಹಾದುಹೋಗುವುದರಿಂದ ರೈಲು, ರಸ್ತೆ, ಆಕಾಶ ಮೂರೂ ಕೂಗಳತೆಯಲ್ಲಿ, ಒಬ್ಬನೇ ಒಡೆಯನ ಕೆಳಗೆ ಇದ್ದಂತಾಯಿತು. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಡೆಕ್ಕನ್ ಏರ್‌ವೇಸ್ ಹಾರಿಸುತ್ತಿದ್ದದ್ದು ಎರಡನೆಯ ಮಹಾಯುದ್ಧದ ಕಾಲದ ಡಕೋಟ, ಎಂದರೆ ಡಿಸಿ-3 ವಿಮಾನ. ಅದರಲ್ಲಿ ಹಿಡಿಸುತ್ತಿದ್ದವರು ಇಪ್ಪತ್ತೊಂದರಿಂದ ಇಪ್ಪತ್ತೆಂಟು ಜನ, ಆ ಕಾಲದ ಬಸ್ಸೊಂದರಲ್ಲಿ ಕೂರುತ್ತಿದ್ದವರೂ ಹೆಚ್ಚುಕಡಿಮೆ ಅಷ್ಟೇ. ಒಂದು ವಿಮಾನಕ್ಕೆ ಒಂದು ಬಸ್ಸು ಸಾಕಾಗುತ್ತಿದ್ದಾಗ ಕಾಯುವಿಕೆ ಎಂಬ ಸಮಸ್ಯೆಗೆ ಹುಟ್ಟಲು ಜಾಗವೇ ಇರಲಿಲ್ಲ. ಆದ್ದರಿಂದ ನಿಜಾಮನ ಕಾಲದ ಆಡಳಿತ ದಕ್ಷವಾಗಿತ್ತು ಎಂದು ಹೊಗಳುವವರು ಆಗ ವಿಮಾನ ಹತ್ತುತ್ತಿದ್ದವರ ಸಂಖ್ಯೆಯನ್ನೂ ಜೊತೆಗೇ ಹೇಳುವುದು ನ್ಯಾಯ.

ಮೂರು ಕೂಡಿದ್ದ ಆ ವ್ಯವಸ್ಥೆ ಕೆಲವೇ ವರ್ಷಗಳಲ್ಲಿ ಬಿಡಿಬಿಡಿಯಾಯಿತು. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ನಂತರ ರೈಲ್ವೆ ಭಾರತ ಸರ್ಕಾರಕ್ಕೆ ಸೇರಿತು. 1951ರ ನವೆಂಬರ್ 1ರಿಂದ ರಸ್ತೆ ಸಾರಿಗೆಯು ರೈಲ್ವೆಯಿಂದ ಬೇರ್ಪಟ್ಟು ಹೈದರಾಬಾದ್ ರಾಜ್ಯ ಸರ್ಕಾರದ ಇಲಾಖೆಯಾಯಿತು. 1953ರಲ್ಲಿ ದೇಶದ ಎಂಟು ವಿಮಾನ ಕಂಪನಿಗಳು ಒಂದುಗೂಡಿ ಇಂಡಿಯನ್ ಏರ್‌ಲೈನ್ಸ್ ಆದಾಗ ಡೆಕ್ಕನ್ ಏರ್‌ವೇಸ್ ಅದರಲ್ಲಿ ಕರಗಿತು. 1958ರ ಜನವರಿ 11ರಂದು ಆಂಧ್ರಪ್ರದೇಶ ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ಸ್ಥಾಪನೆಯಾಯಿತು. ಇವುಗಳಲ್ಲಿ ಒಂದೊಂದು ನಿರ್ಧಾರವೂ ತನ್ನಷ್ಟಕ್ಕೆ ಸರಿಯಾದದ್ದೇ. ಆದರೆ ವಿಮಾನದಿಂದ ಇಳಿದವನು ಊರು ಸೇರುವ ನಡುದಾರಿ ಯಾರ ಹೊಣೆ ಎಂಬ ಪ್ರಶ್ನೆಗೆ ಅಂದಿನಿಂದ ಒಂದೇ ಉತ್ತರ ಇಲ್ಲವಾಯಿತು. ಕೆಲಕಾಲ ವಿಮಾನ ಸಂಸ್ಥೆಗಳೇ ಆ ಹೊಣೆ ಹೊತ್ತಿದ್ದವು. ನಗರದೊಳಗಿನ ಬುಕಿಂಗ್ ಕಚೇರಿಯ ಮುಂದಿನಿಂದ ಹೊರಟು ನಿಲ್ದಾಣದ ಬಾಗಿಲಿಗೆ ಬಿಡುವ ‘ಏರ್‌ಲೈನ್ ಕೋಚ್’ ಎಂಬ ಬಸ್ಸು ದೇಶದ ಹಲವು ನಗರಗಳಲ್ಲಿ ಇದ್ದಿತು, ಮತ್ತು ವಿಮಾನ ತಡವಾದರೆ ಆ ಬಸ್ಸೂ ತಡೆದು ನಿಲ್ಲುತ್ತಿತ್ತು. ಬಸ್ಸಿನ ಗಡಿಯಾರ ವಿಮಾನದ ಗಡಿಯಾರಕ್ಕೆ ಕಟ್ಟಿಕೊಂಡಿದ್ದ ಆ ಪದ್ಧತಿಯು ಟ್ಯಾಕ್ಸಿ ಮತ್ತು ಸ್ವಂತ ಕಾರುಗಳು ಹೆಚ್ಚಿದಂತೆ ಸದ್ದಿಲ್ಲದೆ ಮರೆಯಾಯಿತು.

ಬೇಗಂಪೇಟೆಯಲ್ಲಿ ಅದರ ಕೊರತೆ ಅಷ್ಟಾಗಿ ಕಾಡಲಿಲ್ಲ. 1972ರಲ್ಲಿ ಬಯಲಿನ ದಕ್ಷಿಣ ಅಂಚಿನಲ್ಲಿ ತೆರೆದ ಹೊಸ ಟರ್ಮಿನಲ್, ಹೈದರಾಬಾದ್ ಮತ್ತು ಸಿಕಂದರಾಬಾದ್ ಎರಡನ್ನೂ ಜೋಡಿಸುವ ಜನನಿಬಿಡ ರಸ್ತೆಗೆ ಅಂಟಿಕೊಂಡೇ ಇತ್ತು. ಸಿಟಿ ಬಸ್ಸಿನಿಂದ ಇಳಿದವನು ಚೀಲ ಹಿಡಿದು ನಡೆದೇ ಒಳಹೋಗಬಹುದಿತ್ತು.

ಹೊರನಾಡುಗಳಲ್ಲಿ ಅಷ್ಟರಲ್ಲಿ ಬೇರೆಯೇ ಬಗೆಯ ಬಸ್ಸು ಹುಟ್ಟಿತ್ತು. ಅಮೆರಿಕದಲ್ಲಿ ಪ್ರಯಾಣಿಕರು ತಮ್ಮ ಕಾರನ್ನು ತಾವೇ ಓಡಿಸಿಕೊಂಡು ಬಂದು, ಮರಳುವವರೆಗೆ ನಿಲ್ದಾಣದಲ್ಲೇ ಬಿಟ್ಟುಹೋಗುವುದು ರೂಢಿಯಾದಾಗ, ಟರ್ಮಿನಲ್ಲಿನ ಮುಂದಿನ ಜಾಗ ಸಾಲದೆ ಕಾರು ನಿಲ್ಲಿಸುವ ಬಯಲುಗಳು ಮೈಲಿಗಟ್ಟಲೆ ದೂರ ಸರಿದವು, ಅಲ್ಲಿಂದ ಬಾಗಿಲಿಗೆ ಕರೆತರಲು ಪಾರ್ಕಿಂಗ್ ಶಟಲ್ ಎಂಬ ಉಚಿತ ಬಸ್ಸು ಅನಿವಾರ್ಯವಾಯಿತು. ದೂರದ ಬಯಲಿನ ಬಾಡಿಗೆ ಅಗ್ಗ, ಹತ್ತಿರದ್ದು ದುಬಾರಿ, ವ್ಯತ್ಯಾಸದ ಹಣವನ್ನು ಪ್ರಯಾಣಿಕನು ಬಸ್ಸಿಗೆ ಕಾದು ತೀರಿಸುತ್ತಾನೆ. ನಡಿಗೆಯನ್ನೇ ಇಲ್ಲವಾಗಿಸುವ ಹಟ ತೊಟ್ಟವರೂ ಇದ್ದರು. ವಾಷಿಂಗ್ಟನ್ನಿನ ಡಲ್ಲಸ್ ನಿಲ್ದಾಣವನ್ನು ರೂಪಿಸಿದ ಈರೋ ಸಾರಿನೆನ್, ನಿರೀಕ್ಷಣಾ ಕೊಠಡಿಗೇ ಗಾಲಿ ಕಟ್ಟಿದಂತಿದ್ದ ‘ಮೊಬೈಲ್ ಲೌಂಜ್’ ಎಂಬ ವಾಹನವನ್ನು ಕಲ್ಪಿಸಿದ. 1962ರಲ್ಲಿ ಓಡಾಟ ಆರಂಭಿಸಿದ ಅದು ನೂರಕ್ಕೂ ಹೆಚ್ಚು ಜನರನ್ನು ಟರ್ಮಿನಲ್ಲಿನಿಂದ ನೇರ ವಿಮಾನದ ಬಾಗಿಲಿಗೆ ಒಯ್ಯುತ್ತಿತ್ತು. ಕಾಲಿಗೆ ದಣಿವು ತಪ್ಪಿತು, ಆದರೆ ಕೊನೆಯ ಪ್ರಯಾಣಿಕ ಬರುವ ತನಕ ಮೊದಲು ಹತ್ತಿದವರು ನಿಂತ ಗಾಡಿಯೊಳಗೆ ಕಾಯಬೇಕಾಯಿತು. ವಿಮಾನದಂಗಳದ ಇಂದಿನ ಬಸ್ಸುಗಳಲ್ಲಿ ಕಾಣುವುದೂ ಇದೇ: ನೂರ ಎಂಬತ್ತು ಆಸನಗಳ ಒಂದು ಏರ್‌ಬಸ್‌ಗೆ ಇಂಥ ಎರಡು ಮೂರು ಬಸ್ಸು ಬೇಕು, ಅವಸರಪಟ್ಟು ಮೊದಲ ಬಸ್ಸಿನ ಒಳಮೂಲೆಗೆ ಹೋಗಿ ನಿಂತವನು ಎಲ್ಲರಿಗಿಂತ ಹೆಚ್ಚು ಹೊತ್ತು ಕಂಬಿ ಹಿಡಿದು ನಿಂತು, ಎಲ್ಲರಿಗಿಂತ ಕೊನೆಗೆ ಕೆಳಗಿಳಿಯುತ್ತಾನೆ.

ಹೈದರಾಬಾದಿನಲ್ಲಿ ದೂರವು ಒಂದೇ ರಾತ್ರಿಯಲ್ಲಿ ಬಂದುಬಿದ್ದಿತು. 2004ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದೊಡನೆ ಆದ ರಿಯಾಯಿತಿ ಒಪ್ಪಂದ, ಎಂದರೆ ನಿಲ್ದಾಣ ಕಟ್ಟಿ ನಡೆಸುವ ಹಕ್ಕನ್ನು ಗೊತ್ತಾದ ಅವಧಿಗೆ ಕಂಪನಿಗೆ ಬಿಟ್ಟುಕೊಡುವ ಕರಾರು, ಶಂಶಾಬಾದಿನಲ್ಲಿ ಸುಮಾರು 5,500 ಎಕರೆಯ ಹೊಸ ನಿಲ್ದಾಣಕ್ಕೆ ದಾರಿ ಮಾಡಿತು. ಆಗ ಅದರಲ್ಲಿ ಜಿಎಂಆರ್ ಸಮೂಹದ ಪಾಲು ಶೇ. 63 ಆಗಿತ್ತು. 2008ರ ಮಾರ್ಚ್ 23ರಂದು ಶಂಶಾಬಾದಿನ ರಾಜೀವ್ ಗಾಂಧಿ ನಿಲ್ದಾಣದಿಂದ ವಿಮಾನಗಳು ಹಾರತೊಡಗಿದವು, ಬೇಗಂಪೇಟೆಯ ಬಾಗಿಲು ಸಾಮಾನ್ಯ ಪ್ರಯಾಣಿಕರಿಗೆ ಮುಚ್ಚಿತು. ಊರ ನಡುವಿದ್ದ ನಿಲ್ದಾಣ ದಕ್ಷಿಣಕ್ಕೆ 24 ಕಿಲೋಮೀಟರ್ ಆಚೆ ಹೋಯಿತು. ಎರಡು ತಿಂಗಳಿಗೆ, ಮೇ 24ರಂದು, ಬೆಂಗಳೂರಿನಲ್ಲಿಯೂ ಎಚ್‌ಎಎಲ್ ನಿಲ್ದಾಣ ಮುಚ್ಚಿ ದೇವನಹಳ್ಳಿಯ ನಿಲ್ದಾಣ ತೆರೆಯಿತು. ಎರಡೂ ಕಡೆ ನಿಲ್ದಾಣ ಮೊದಲು, ದಾರಿ ಆಮೇಲೆ: ಮೆಹದಿಪಟ್ನಂನಿಂದ ಆರಾಂಘರ್‌ವರೆಗಿನ 11.6 ಕಿಲೋಮೀಟರಿನ ಪಿ.ವಿ. ನರಸಿಂಹರಾವ್ ಮೇಲುರಸ್ತೆ ಬಳಕೆಗೆ ಬಂದದ್ದು 2009ರ ಅಕ್ಟೋಬರ್ 19ರಂದು, ನಿಲ್ದಾಣ ತೆರೆದ ಒಂದೂವರೆ ವರ್ಷದ ಮೇಲೆ. ಬೆಂಗಳೂರಿನಲ್ಲಿ ನಗರ ಸಾರಿಗೆ ಸಂಸ್ಥೆಯೇ ‘ವಾಯು ವಜ್ರ’ ಎಂಬ ವೋಲ್ವೊ ಬಸ್ಸುಗಳನ್ನು ಇಳಿಸಿತು. ಹೈದರಾಬಾದಿನಲ್ಲಿ ಆರಂಭದ ವರ್ಷಗಳಲ್ಲಿ ‘ಏರೋ ಎಕ್ಸ್‌ಪ್ರೆಸ್’ ಎಂಬ ಪ್ರತ್ಯೇಕ ಏರ್ಪಾಡು ನಡೆದು, ಮುಂದಿನ ದಶಕದಲ್ಲಿ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ‘ಪುಷ್ಪಕ್’ ಬಸ್ಸುಗಳು ಆ ಜಾಗಕ್ಕೆ ಬಂದವು, 2019ರ ಮಾರ್ಚಿನಲ್ಲಿ 40 ವಿದ್ಯುತ್ ಬಸ್ಸುಗಳು ಸೇರಿದವು. ಎಷ್ಟು ಜನ ಬಂದರೂ ಇನ್ನೊಬ್ಬರಿಗೆ ಸ್ಥಳ ಉಳಿಯುತ್ತಿತ್ತೆಂದು ಪುರಾಣ ಹೇಳುವ ವಿಮಾನದ ಹೆಸರನ್ನು ಬಸ್ಸಿಗೆ ಇಟ್ಟವರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕು.

ಕಾಯುವಿಕೆಯ ಸಿಟ್ಟಿಗೆ ಒಂದು ಲೆಕ್ಕಾಚಾರವಿದೆ, ಅದನ್ನು ತುಸು ಬಿಡಿಸಿ ಹೇಳುವುದು ತಕ್ಕದ್ದು. ಒಂದು ಬಸ್ಸಿಗೂ ಮುಂದಿನದಕ್ಕೂ ನಡುವಿನ ಸಮಯವನ್ನು ಸಾರಿಗೆಯವರು ಹೆಡ್‌ವೇ ಎನ್ನುತ್ತಾರೆ. ಗಂಟೆಗೆ ಎರಡು ಬಸ್ಸು, ಸರಿಯಾಗಿ ಅರ್ಧ ಗಂಟೆಗೊಂದರಂತೆ ಬಂದರೆ, ಹೊತ್ತುಗೊತ್ತು ನೋಡದೆ ನಿಲ್ದಾಣಕ್ಕೆ ಬರುವ ಪ್ರಯಾಣಿಕನು ಸರಾಸರಿ 15 ನಿಮಿಷ ಕಾಯುತ್ತಾನೆ. ಅದೇ ಎರಡು ಬಸ್ಸುಗಳು ಆರಾಂಘರ್‌ನ ಸಂದಣಿಯಲ್ಲಿ ಸಿಕ್ಕಿ 10 ನಿಮಿಷ ಮತ್ತು 50 ನಿಮಿಷಗಳ ಅಂತರದಲ್ಲಿ ಬಂದವು ಎನ್ನೋಣ. ಡಿಪೋದ ದಾಖಲೆಯಲ್ಲಿ ಆಗಲೂ ಗಂಟೆಗೆ ಎರಡೇ ಟ್ರಿಪ್, ಏನೂ ತಪ್ಪಿಲ್ಲ, ಆದರೆ ಆರು ಜನರಲ್ಲಿ ಐವರು ಆ 50 ನಿಮಿಷದ ಬಿಡುವಿನಲ್ಲಿಯೇ ಬಂದು ನಿಲ್ಲುವುದರಿಂದ ಸರಾಸರಿ ಕಾಯುವಿಕೆ 22 ನಿಮಿಷಕ್ಕೆ ಏರುತ್ತದೆ. ಜೊತೆಗೆ ಮೊದಲ ಬಸ್ಸು ಕಿಕ್ಕಿರಿದು, ಬೆನ್ನಿಗೇ ಬಂದ ಎರಡನೆಯದು ಖಾಲಿ ಹೋಗುತ್ತದೆ. ಸಂಸ್ಥೆ ತನ್ನ ಟ್ರಿಪ್ಪುಗಳನ್ನು ಎಣಿಸುತ್ತದೆ, ಪ್ರಯಾಣಿಕ ತನ್ನ ನಿಮಿಷಗಳನ್ನು ಎಣಿಸುತ್ತಾನೆ; ಇಬ್ಬರ ಲೆಕ್ಕವೂ ಸರಿಯಾಗಿರುವುದರಿಂದಲೇ ಜಗಳ ಬಗೆಹರಿಯುವುದಿಲ್ಲ. ಏರ್‌ಲೈನ್ ಕೋಚಿನ ಕಾಲಕ್ಕೆ ಇಲ್ಲದಿದ್ದ ತೊಂದರೆಯಿದು, ಆ ಬಸ್ಸು ಒಂದು ವಿಮಾನದ ಜನಕ್ಕಾಗಿ ನಿಲ್ಲುತ್ತಿತ್ತೇ ಹೊರತು ವೇಳಾಪಟ್ಟಿಯ ಟ್ರಿಪ್ಪಿಗಾಗಿ ಅಲ್ಲ.

ಹೊರೆಯ ಮಾತು ಇನ್ನೊಂದು. ತೆಲಂಗಾಣದ ಹಳ್ಳಿಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವವರು ಶಂಶಾಬಾದಿನ ಪ್ರಯಾಣಿಕರಲ್ಲಿ ಗಣನೀಯ ಪಾಲು. ಅವರನ್ನು ಕಳಿಸಲು ಮನೆಮಂದಿಯೆಲ್ಲ ಬರುತ್ತಾರೆ, ಮರಳಿ ಬರುವಾಗ ಅವರ ಜೊತೆ ಹಗ್ಗ ಬಿಗಿದು ಹೆಸರು, ಊರು ದಪ್ಪಕ್ಷರದಲ್ಲಿ ಬರೆದ ರಟ್ಟಿನ ಪೆಟ್ಟಿಗೆ ಇರುತ್ತದೆ. ಆಸನಗಳ ಸಂಖ್ಯೆಯಿಂದ ಅಳೆದ ಬಸ್ಸಿನಲ್ಲಿ ಆ ಪೆಟ್ಟಿಗೆಗೆ ಲೆಕ್ಕವಿಲ್ಲ. ಮುಂಭಾಗದ ಸಾಮಾನಿನ ಕಟ್ಟೆ ತುಂಬಿದ ಮೇಲೆ ಅದು ನಡುದಾರಿಗೆ ಬರುತ್ತದೆ, ಕಂಡಕ್ಟರ್ ಅದನ್ನು ದಾಟಿ ದಾಟಿ ಟಿಕೆಟ್ ಕೊಡುತ್ತಾನೆ.

ಬೀದರಿನವರ ಪಾಡು ಇದಕ್ಕಿಂತ ವಿಚಿತ್ರವಾದದ್ದು. ಬೀದರಿನಲ್ಲಿ ಎರಡನೆಯ ಮಹಾಯುದ್ಧದ ಕಾಲದಿಂದಲೂ ರನ್‌ವೇ ಇದೆ, ವಾಯುಪಡೆಯ ಪೈಲಟ್‌ಗಳು ಅಲ್ಲಿ ತರಬೇತಿ ಪಡೆಯುತ್ತಾರೆ. ಆದರೆ ಶಂಶಾಬಾದ್ ನಿಲ್ದಾಣದ 150 ಕಿಲೋಮೀಟರ್ ಒಳಗೆ ಇನ್ನೊಂದು ನಾಗರಿಕ ನಿಲ್ದಾಣಕ್ಕೆ ಎಡೆ ಕೊಡದ ಕರಾರಿನ ಷರತ್ತು ಅಡ್ಡ ನಿಂತದ್ದರಿಂದ, ತಲೆಯ ಮೇಲೆ ವಿಮಾನಗಳು ಗಿರಕಿ ಹೊಡೆಯುವುದನ್ನು ನೋಡುತ್ತ ಆ ಊರಿನವರು ಜಹೀರಾಬಾದ್ ದಾರಿಯಲ್ಲಿ ಹೈದರಾಬಾದಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿ ಇನ್ನೊಂದು ಬಸ್ಸು ಬದಲಿಸಿ ಶಂಶಾಬಾದ್ ಮುಟ್ಟುತ್ತಿದ್ದರು. ಕಲಬುರಗಿಯಲ್ಲಿ 2019ರ ನವೆಂಬರಿನಲ್ಲಿಯೂ ಬೀದರಿನಲ್ಲಿ 2020ರ ಫೆಬ್ರವರಿ 7ರಂದೂ ನಾಗರಿಕ ವಿಮಾನ ಸೇವೆ ಆರಂಭವಾಯಿತು. ಬೀದರಿನ ಸೇವೆ ನಡುನಡುವೆ ನಿಂತು ಮತ್ತೆ ನಡೆದಿದೆ. ದೂರದ ದೇಶಕ್ಕೆ ಹೋಗುವವರಿಗೆ ಈಗಲೂ ಶಂಶಾಬಾದೇ ಗತಿ.

ರೈಲಿನ ಹಳಿಯನ್ನು ವಿಮಾನ ನಿಲ್ದಾಣದೊಳಗೆ ಒಯ್ಯುವ ಯತ್ನಗಳು ಸಾಗಿವೆ, ನಿಂತಿವೆ, ದಿಕ್ಕು ಬದಲಿಸಿವೆ. 2003ರಲ್ಲಿ ಬೇಗಂಪೇಟೆಯ ಮೂಲಕ ಓಡತೊಡಗಿದ ಎಂಎಂಟಿಎಸ್ ಎಂಬ ನಗರ ರೈಲು, 2023ರ ಏಪ್ರಿಲಿನಲ್ಲಿ ಶಂಶಾಬಾದಿನ ಹತ್ತಿರದ ಉಮ್ದಾನಗರದವರೆಗೆ ಬಂದು ಅಲ್ಲಿಗೇ ನಿಂತಿತು, ಉಳಿದ ಕೆಲವು ಕಿಲೋಮೀಟರ್ ಮತ್ತೆ ರಸ್ತೆಯ ಪಾಲಾಯಿತು. ರಾಯದುರ್ಗದಿಂದ ನಿಲ್ದಾಣಕ್ಕೆ 31 ಕಿಲೋಮೀಟರಿನ ಮೆಟ್ರೊ ಮಾರ್ಗಕ್ಕೆ 2022ರ ಡಿಸೆಂಬರ್ 9ರಂದು ಅಡಿಗಲ್ಲು ಬಿತ್ತು. ಮರುವರ್ಷ ಸರ್ಕಾರ ಬದಲಾಯಿತು, ಆ ಮಾರ್ಗವನ್ನು ಕೈಬಿಟ್ಟು ಬೇರೆ ಮಾರ್ಗ ಗೊತ್ತುಮಾಡಲಾಯಿತು. ಹೊಸದಾಗಿ ಕಟ್ಟುವವರು ಮಾಡಬೇಕಾದ ಮೊದಲ ಕೆಲಸವೆಂದರೆ ಮೈಲಿಗಳನ್ನು ಅಳೆಯುವುದಕ್ಕಿಂತ ಮುಂಚೆ ಕೂಡುವ ಜಾಗಗಳನ್ನು ಒಬ್ಬರ ಹೊಣೆಗೆ ಒಪ್ಪಿಸುವುದು. ಮೇಲುರಸ್ತೆ, ಹೊರವರ್ತುಲ ರಸ್ತೆ, ತಂಪು ಬಸ್ಸು ಎಲ್ಲವೂ ಒಂದೊಂದಾಗಿ ಚೆನ್ನಾಗಿದ್ದೂ ಪ್ರಯಾಣಿಕ ಬೈಯುತ್ತಿದ್ದಾನೆಂದರೆ ಅವನು ಬೈಯುತ್ತಿರುವುದು ಅವುಗಳ ನಡುವಿನ ಸಂದನ್ನು.

ರಾಯಚೂರಿನಿಂದ ಮಹಬೂಬ್‌ನಗರ, ಜಡ್ಚರ್ಲಾ ದಾರಿಯಾಗಿ ಬರುವ ಸಾಮಾನ್ಯ ಬಸ್ಸುಗಳು ಇಂದಿಗೂ ಹೆದ್ದಾರಿಯಲ್ಲಿ ಶಂಶಾಬಾದ್ ಊರನ್ನು ಹಾದೇ ಹೈದರಾಬಾದಿಗೆ ಹೋಗುತ್ತವೆ. ವಿಮಾನ ಹತ್ತುವವರು ಅಲ್ಲಿ ರಸ್ತೆ ಬದಿಗೆ ಇಳಿದು, ಸಾಮಾನನ್ನು ಕೆಳಗಿಳಿಸಿಕೊಂಡು, ಒಳಗಿನ ದಾರಿಗೆ ಆಟೋ ಮಾತಾಡುತ್ತಾರೆ.